ಮೋಗ್ಲಿಯ ಮರುಹುಟ್ಟುಗಳು

ಬಾಲ್ಯದ ಕಾರ್ಟೂನನ್ನು ಹೊಸ ಕಾಲಕ್ಕೆ ತಕ್ಕಂತೆ ಮತ್ತೆ ಕಟ್ಟುವುದು ಮನರಂಜನಾ ಉದ್ಯಮಕ್ಕೆ ನೆಚ್ಚಿನ ವ್ಯಾಪಾರ. ಪಾತ್ರವನ್ನು ಪರಿಚಯಿಸುವ ಖರ್ಚು ಉಳಿಯುತ್ತದೆ. ಟಿಕೆಟ್ ಕೊಳ್ಳುವವರು ಅಪ್ಪ ಅಮ್ಮ, ನೋಡುವುದು ಮಗು. ಒಂದೇ ಹೆಸರು ಇಬ್ಬರನ್ನೂ ಥಿಯೇಟರಿಗೆ ಕರೆತರುತ್ತದೆ. ಭಾರತದಲ್ಲಿ ಇದಕ್ಕೆ ಮೋಗ್ಲಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಮೈಸೂರು ಸೀಮೆಗೂ ಆ ಕಾಡಿನ ಹುಡುಗನಿಗೂ ಹಳೆಯ ನಂಟೇ ಇದೆ.

ರುಡ್ಯಾರ್ಡ್ ಕಿಪ್ಲಿಂಗ್‌ನ ‘ದಿ ಜಂಗಲ್ ಬುಕ್’ ಪ್ರಕಟವಾದದ್ದು 1894ರಲ್ಲಿ. ಅದರಲ್ಲಿ ಮೋಗ್ಲಿಯ ಕಥೆಗಳ ಜೊತೆಗೆ ಆನೆಗಳ ಹುಡುಗ ತೂಮಾಯಿಯ ಕಥೆಯೂ ಇದೆ. ಆ ಕಥೆಯನ್ನು ‘ಎಲಿಫೆಂಟ್ ಬಾಯ್’ ಸಿನಿಮಾ ಮಾಡಲು ರಾಬರ್ಟ್ ಫ್ಲಾಹರ್ಟಿಯ ತಂಡ ಮೈಸೂರಿಗೆ ಬಂದಾಗ ಕಣ್ಣಿಗೆ ಬಿದ್ದವನು ಸಾಬು. 1924ರಲ್ಲಿ ಕಬಿನಿ ದಡದ ಕಾರಾಪುರದಲ್ಲಿ ಹುಟ್ಟಿದವನು, ಮಾವುತನ ಮಗ. ಸಿನಿಮಾ 1937ರಲ್ಲಿ ತೆರೆ ಕಂಡಿತು. ಐದು ವರ್ಷದ ನಂತರ, 1942ರಲ್ಲಿ, ಹಾಲಿವುಡ್‌ನ ‘ಜಂಗಲ್ ಬುಕ್’ನಲ್ಲಿ ಅವನೇ ಮೋಗ್ಲಿಯಾದ. ಕಾರ್ಟೂನಿನ ಮೋಗ್ಲಿ ಹುಟ್ಟುವ ಕಾಲು ಶತಮಾನ ಮೊದಲೇ ಜಗತ್ತು ಕಂಡ ಮೋಗ್ಲಿ ಮೈಸೂರಿನವನು ಎಂಬುದನ್ನು ಮೈಸೂರಿನವರೇ ಅಷ್ಟಾಗಿ ಹೇಳಿಕೊಳ್ಳುವುದಿಲ್ಲ.

ಡಿಸ್ನಿಯ ಕಾರ್ಟೂನ್ ಬಂದದ್ದು 1967ರಲ್ಲಿ. ವಾಲ್ಟ್ ಡಿಸ್ನಿ ಸಾಯುವ ಮುನ್ನ ಸ್ವತಃ ಮುತುವರ್ಜಿ ವಹಿಸಿದ ಕೊನೆಯ ಕಾರ್ಟೂನ್ ಚಿತ್ರಗಳಲ್ಲಿ ಅದೂ ಒಂದು. ಕನ್ನಡ ನಾಡಿನ ತೊಂಬತ್ತರ ದಶಕದ ಮಕ್ಕಳ ಮನಸ್ಸಿನಲ್ಲಿ ಕೂತಿರುವುದು ಮಾತ್ರ ಬೇರೆಯದೇ ಮೋಗ್ಲಿ. ಜಪಾನಿನ ನಿಪ್ಪಾನ್ ಅನಿಮೇಷನ್ 1989ರಲ್ಲಿ ಶುರು ಮಾಡಿದ 52 ಕಂತುಗಳ ಧಾರಾವಾಹಿ ಅದು. 1993ರಿಂದ ದೂರದರ್ಶನ ಅದನ್ನು ಹಿಂದಿಯಲ್ಲಿ ತೋರಿಸಿತು. ಶೀರ್ಷಿಕೆ ಗೀತೆ ಬರೆದವರು ಗುಲ್ಜಾರ್, ರಾಗ ಹಾಕಿದವರು ವಿಶಾಲ್ ಭಾರದ್ವಾಜ್, ಶೇರ್ ಖಾನ್ ಹುಲಿಗೆ ದನಿ ಕೊಟ್ಟವರು ನಾನಾ ಪಾಟೇಕರ್. ಭಾನುವಾರ ಬೆಳಿಗ್ಗೆ ಟಿವಿ ಇದ್ದ ಮನೆಗೆ ಅಕ್ಕಪಕ್ಕದ ಮಕ್ಕಳೆಲ್ಲ ಬಂದು ಕೂರುತ್ತಿದ್ದ ಕಾಲ. ದಖ್ಖನಿ ಮನೆಮಾತಿನವರೂ ಕನ್ನಡ ಮನೆಮಾತಿನವರೂ ಬೆರೆತಿರುವ ಮೈಸೂರಿನ ಮಂಡಿ ಮೊಹಲ್ಲಾದಂಥ ಕಡೆ ಒಂದೇ ಕಾರ್ಟೂನ್ ಎರಡು ಬಗೆಯಲ್ಲಿ ತಲುಪುತ್ತಿತ್ತು. ದಖ್ಖನಿ ಆಡುವ ಮಕ್ಕಳಿಗೆ ಆ ಹಿಂದಿ ಹತ್ತಿರದ್ದು. ಕನ್ನಡದ ಮಕ್ಕಳು ಚಿತ್ರ ನೋಡಿಯೇ ಕಥೆ ಕೂಡಿಸಿಕೊಳ್ಳಬೇಕು.

ಮೋಗ್ಲಿಯನ್ನು ಇಷ್ಟು ಜನ ಮತ್ತೆ ಮತ್ತೆ ಕೈಗೆತ್ತಿಕೊಳ್ಳಲು ಕಾನೂನಿನ ಕಾರಣವೂ ಉಂಟು. ಕಿಪ್ಲಿಂಗ್ ತೀರಿಕೊಂಡದ್ದು 1936ರಲ್ಲಿ. ಭಾರತದಲ್ಲಿ ಹಕ್ಕುಸ್ವಾಮ್ಯ ಲೇಖಕ ಸತ್ತ ಮೇಲೆ 60 ವರ್ಷ ಉಳಿಯುತ್ತದೆ, ಯುರೋಪಿನಲ್ಲಿ 70. ಎರಡೂ ಕಡೆ ಗಡುವು ಮುಗಿದಿದೆ, ಕಥೆ ಈಗ ಯಾರಪ್ಪನ ಸ್ವತ್ತೂ ಅಲ್ಲ. ಹೈದರಾಬಾದಿನ ಡಿಕ್ಯು ಎಂಟರ್‌ಟೇನ್‌ಮೆಂಟ್ 2010ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಧಾರಾವಾಹಿ ಮಾಡಿತು, ಕಂತೊಂದಕ್ಕೆ 11 ನಿಮಿಷ. ಆದರೆ ಡಿಸ್ನಿ ತಾನೇ ಸೇರಿಸಿದ ಪಾತ್ರ ಮತ್ತು ಹಾಡುಗಳು ಡಿಸ್ನಿಯವೇ. ಕಪಿರಾಜ ಲೂಯಿ ಕಿಪ್ಲಿಂಗ್‌ನ ಪುಸ್ತಕದಲ್ಲಿ ಇಲ್ಲವೇ ಇಲ್ಲ.

ಈ ಲೂಯಿ ಮುಂದೆ ತಲೆನೋವಾದ. 1967ರಲ್ಲಿ ಅವನು ಒರಾಂಗುಟಾನ್. ಆ ಪ್ರಾಣಿ ಭಾರತದ ಕಾಡಿನಲ್ಲಿಲ್ಲ. ಅಂದು ಯಾರೂ ತಲೆಕೆಡಿಸಿಕೊಳ್ಳಲಿಲ್ಲ. 2016ರ ಡಿಸ್ನಿಯ ಹೊಸ ‘ಜಂಗಲ್ ಬುಕ್’ಗೆ ನಿರ್ದೇಶಕ ಜಾನ್ ಫ್ಯಾವ್ರೋ ನಿಜವೆನಿಸುವ ಕಾಡು ಕಟ್ಟಲು ಹೊರಟಾಗ ಸುಮ್ಮನಿರುವಂತಿರಲಿಲ್ಲ. ಅವನ ತಂಡ ಲೂಯಿಯನ್ನು ಜೈಗ್ಯಾಂಟೊಪಿಥೆಕಸ್ ಎಂಬ, ಎಂದೋ ಅಳಿದುಹೋದ ದೈತ್ಯ ವಾನರನನ್ನಾಗಿ ಮಾಡಿತು. ಲೂಯಿಯ ಹಾಡನ್ನು ಬಿಡಲಾಗದೆ ಪ್ರಾಣಿಯನ್ನು ಬದಲಾಯಿಸಿದ ಜಾಣತನ ಇದು.

ಹುಲಿಯ ಗತಿಯೂ ಪ್ರತಿ ಸಲ ಬದಲಾಗಿದೆ. ಕಿಪ್ಲಿಂಗ್‌ನಲ್ಲಿ ಮೋಗ್ಲಿ ಎಮ್ಮೆ ಹಿಂಡನ್ನು ನುಗ್ಗಿಸಿ ಶೇರ್ ಖಾನನನ್ನು ತುಳಿಸಿ ಕೊಲ್ಲುತ್ತಾನೆ, ಚರ್ಮವನ್ನೂ ಸುಲಿಯುತ್ತಾನೆ. 1967ರಲ್ಲಿ ಬಾಲಕ್ಕೆ ಉರಿಯುವ ಕೊಂಬೆ ಕಟ್ಟಿ ಓಡಿಸಿದರೆ ಸಾಕಾಯಿತು. 2016ರಲ್ಲಿ ಹುಲಿ ಮರದ ಮೇಲಿಂದ ಬೆಂಕಿಗೆ ಬೀಳುತ್ತದೆ. ಅದರ ದ್ವೇಷಕ್ಕೆ ಒಂದು ಹಿನ್ನೆಲೆಯೂ ಸಿಕ್ಕಿದೆ: ಮೋಗ್ಲಿಯ ಅಪ್ಪ ಪಂಜಿನಿಂದ ಅದರ ಮುಖ ಸುಟ್ಟಿದ್ದ. ಹುಲಿ ಉಳಿಸಬೇಕೆಂದು ಶಾಲೆಯಲ್ಲಿ ಕಲಿಯುವ ಮಕ್ಕಳಿಗೆ ಬರೀ ದುಷ್ಟ ಹುಲಿ ಒಪ್ಪಿಗೆಯಾಗುವುದಿಲ್ಲ. ಕೊನೆಯೂ ಬೇರೆ. ಹಳೆಯ ಕಾರ್ಟೂನಿನಲ್ಲಿ ನೀರು ತರಲು ಬಂದ ಹುಡುಗಿಯ ಹಿಂದೆ ಮೋಗ್ಲಿ ಊರಿಗೆ ಹೋಗುತ್ತಾನೆ (ಅದು ತೀರಾ ತೆಳು ಕಾರಣ). ಹೊಸದರಲ್ಲಿ ಕಾಡಿನಲ್ಲೇ ಉಳಿಯುತ್ತಾನೆ.

ಈ ಸಿನಿಮಾ ಅಮೆರಿಕಕ್ಕಿಂತ ಒಂದು ವಾರ ಮೊದಲೇ, 2016ರ ಏಪ್ರಿಲ್ 8ರಂದು, ಭಾರತದಲ್ಲಿ ಬಿಡುಗಡೆಯಾಯಿತು. ಹಿಂದಿ ಆವೃತ್ತಿಗೆ ನಾನಾ ಪಾಟೇಕರ್ ಮತ್ತೆ ಶೇರ್ ಖಾನ್ ಆದರು, ದೂರದರ್ಶನದ ಆ ಹಾಡನ್ನೂ ಪ್ರಚಾರಕ್ಕೆಂದು ಹೊಸದಾಗಿ ಹಾಡಿಸಲಾಯಿತು. ಜಪಾನಿನವರ ಕಾರ್ಟೂನು ಬೆಳೆಸಿದ ನೆನಪನ್ನು ಡಿಸ್ನಿ ತನ್ನ ಟಿಕೆಟ್ ಮಾರಲು ಬಳಸಿಕೊಂಡಿತು. ಪ್ರಾಣಿಗಳನ್ನೂ ಕಾಡನ್ನೂ ಕಂಪ್ಯೂಟರಿನಲ್ಲಿ ಕಟ್ಟಿದ ಎಂಪಿಸಿ ಸಂಸ್ಥೆಯ ಬೆಂಗಳೂರು ಸ್ಟುಡಿಯೋದ ಕಲಾವಿದರೂ ಇದಕ್ಕೆ ದುಡಿದರು. ವಿಷುವಲ್ ಎಫೆಕ್ಟ್ಸ್‌ಗೆ ಆಸ್ಕರ್ ಬಂತು. ತಮಿಳು, ತೆಲುಗಿನಲ್ಲೂ ಮಾತಾಡಿದ ಮೋಗ್ಲಿ ಕನ್ನಡದಲ್ಲಿ ಮಾತ್ರ ಬಾಯಿ ಬಿಡಲಿಲ್ಲ. 2019ರ ‘ದಿ ಲಯನ್ ಕಿಂಗ್’ ಕಥೆಯೂ ಅಷ್ಟೇ.

ಕಾರಣ ಎಲ್ಲರಿಗೂ ಗೊತ್ತಿರುವುದೇ. 1960ರ ದಶಕದಿಂದ ಕನ್ನಡ ಚಿತ್ರರಂಗ ಡಬ್ಬಿಂಗನ್ನು ದೂರವಿಟ್ಟಿತ್ತು. ಸನ್ ನೆಟ್‌ವರ್ಕ್ 2009ರಲ್ಲಿ ಚಿಂಟು ಟಿವಿ ಶುರು ಮಾಡಿದ ಮೇಲೆ ಹೊರಗಿನ ಕಾರ್ಟೂನುಗಳು ಕನ್ನಡ ಮಾತಾಡತೊಡಗಿದವು. ದೊಡ್ಡ ಪರದೆಯಲ್ಲಿ ಹಾದಿ ಸುಗಮವಾದದ್ದು 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದು ಆದೇಶಿಸಿದ ನಂತರ, ಅದೂ ನಿಧಾನವಾಗಿ. ಡಬ್ಬಿಂಗ್ ಸುಲಭದ ಕೆಲಸವೂ ಅಲ್ಲ. ಪರದೆಯ ಮೇಲೆ ತುಟಿ ಮುಚ್ಚಿದ ಕಡೆ ಪ, ಬ, ಮ ಅಕ್ಷರ ಬಂದರೆ ಮಾತು ಕೂರುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆ, ಕನ್ನಡದಲ್ಲಿ ಕೊನೆಗೆ. ಹಾಗಾಗಿ ಪಾತ್ರ ಕೈ ಎತ್ತಿ ತೋರಿಸಿದಾಗ ಮಾತಿನ ತಿರುಳು ಇನ್ನೂ ಬಾಯಿಗೆ ಬಂದಿರುವುದಿಲ್ಲ. ಜಪಾನಿ ಭಾಷೆಯಲ್ಲಿ ಕ್ರಿಯಾಪದ ನಮ್ಮಂತೆಯೇ ಕೊನೆಗೆ ಬರುವುದರಿಂದ ಅಲ್ಲಿಯ ಕಾರ್ಟೂನುಗಳಲ್ಲಿ ಈ ತೊಡಕು ಕಡಿಮೆ.

ಹಳೆಯ ನೆನಪನ್ನು ಕನ್ನಡದಲ್ಲೇ ಕರೆಯುವ ಪ್ರಯತ್ನ ದೊಡ್ಡದಾಗಿ ಕಂಡದ್ದು 2025ರ ಜುಲೈನಲ್ಲಿ. ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ಅನಿಮೇಷನ್ ಚಿತ್ರ ‘ಮಹಾವತಾರ್ ನರಸಿಂಹ’ ಕನ್ನಡದಲ್ಲೂ ತೆರೆಗೆ ಬಂತು. ಅದಕ್ಕೆ ಮಕ್ಕಳನ್ನು ಕರೆದುಕೊಂಡು ಹೋದ ತಂದೆತಾಯಿಗಳಿಗೆ ಕಾರ್ಟೂನಿನ ಹಳೆಯ ನೆನಪೇನೂ ಬೇಕಿರಲಿಲ್ಲ. ಅದೇ ಕಥೆಯ 1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜಕುಮಾರ್ ಹಿರಣ್ಯಕಶಿಪುವಾಗಿ, ಪುಟ್ಟ ಪುನೀತ್ ಪ್ರಹ್ಲಾದನಾಗಿ ಎದುರುಬದುರು ನಿಂತದ್ದನ್ನು ಅವರು ನೋಡಿದ್ದರು.