ಹಕ್ಕಿಯ ಬಟ್ಟಲಿಗೂ ಸೋಸಿದ ನೀರು

ಬೇಸಿಗೆ ಕಾಲಿಟ್ಟೊಡನೆ ಶಿವಮೊಗ್ಗದ ಬಡಾವಣೆಗಳಲ್ಲಿ, ಭದ್ರಾವತಿಯ ಕಾರ್ಖಾನೆ ವಸತಿಗೃಹಗಳ ಅಂಗಳಗಳಲ್ಲಿ ಹಕ್ಕಿಗಳಿಗೆಂದು ಮಣ್ಣಿನ ಬಟ್ಟಲುಗಳನ್ನು ಇಡುವವರಿದ್ದಾರೆ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಹಿಡಿ ನವಣೆ. ಇದು ಲೋಕರೂಢಿಯ ಪುಣ್ಯಕಾರ್ಯ. ಆದರೆ ಶ್ರಾವಕನಿಗೆ ಇದು ವ್ರತದ ವಿಷಯವೂ ಹೌದು.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದ್ದಾರೆ. ಮೊದಲನೆಯದು ಬಂಧ, ಕೊನೆಯದು ಅನ್ನಪಾನನಿರೋಧ. ಗಿಳಿಯನ್ನು ಪಂಜರದಲ್ಲಿಟ್ಟು ಹಾಲುಹಣ್ಣು ಕೊಡುವವನು ಕೊನೆಯದನ್ನು ತಪ್ಪಿಸಿಕೊಂಡರೂ ಮೊದಲನೆಯದರಲ್ಲಿ ಸಿಲುಕುತ್ತಾನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದನ್ನು ಒಪ್ಪುವುದಿಲ್ಲ. ಗುಬ್ಬಚ್ಚಿ ನಮ್ಮ ಸಾಕುಪ್ರಾಣಿಯಲ್ಲ, ಅದರ ಅನ್ನವನ್ನು ನಾವೆಲ್ಲಿ ತಡೆದೆವು ಎಂದು ಕೇಳಬಹುದು. ಹೆಂಚಿನ ಮಾಡು ಹೋಯಿತು, ಬಾವಿ ಮುಚ್ಚಿತು, ಅಂಗಳಕ್ಕೆ ಸಿಮೆಂಟು ಬಿತ್ತು. ತಡೆದವರು ಯಾರೆಂದು ಬೇರೆ ಹೇಳಬೇಕಿಲ್ಲ.

ಹಕ್ಕಿಯನ್ನು ಅಲ್ಪಜೀವಿಯೆಂದು ಬಗೆಯುವುದೂ ಸಲ್ಲದು. ಅದು ಸಂಜ್ಞಿ ಪಂಚೇಂದ್ರಿಯ ಜೀವ. ಸಮವಸರಣದ ಹನ್ನೆರಡು ಸಭೆಗಳಲ್ಲಿ ಒಂದು ತಿರ್ಯಂಚಗಳಿಗೇ ಮೀಸಲು. ಜನ್ನನ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಅರಸನು ಮರುಜನ್ಮದಲ್ಲಿ ನವಿಲಾಗಿ ಹುಟ್ಟಿದನು. ಇಂದು ಕಾಳು ಹೆಕ್ಕಲು ಬಂದ ಜೀವ ಹಿಂದೆ ಯಾರಾಗಿತ್ತೋ!

ಇಲ್ಲೊಂದು ಸೂಕ್ಷ್ಮವಿದೆ. ಸೋಸಿದ ನೀರು ಒಂದು ಮುಹೂರ್ತ, ಅಂದರೆ 48 ನಿಮಿಷ ಮಾತ್ರ ಶುದ್ಧ ಎಂಬುದು ನಮ್ಮ ಆಚಾರ. ದಿನವಿಡೀ ಬಟ್ಟಲಲ್ಲಿ ನಿಂತ ನೀರಿನ ಗತಿಯೇನು? ಒಂದು ಜೀವಕ್ಕೆ ದಯೆ ತೋರಲು ಹೋಗಿ ಅಸಂಖ್ಯ ಜೀವಗಳ ಉತ್ಪತ್ತಿಗೂ ನಾಶಕ್ಕೂ ನಾವೇ ಕಾರಣರಾಗಬಾರದಲ್ಲ. ವಾರಗಟ್ಟಲೆ ಬದಲಿಸದ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಬೆಳೆಯುವುದಂತೂ ಎಲ್ಲರೂ ಬಲ್ಲ ಸಂಗತಿ. ಹಾಗೆಂದು ನೀರಿಡುವುದನ್ನೇ ಬಿಟ್ಟರೆ ಅದು ಕರುಣೆಯೂ ಅಲ್ಲ, ವಿವೇಕವೂ ಅಲ್ಲ. ಎರಡು ಬೆರಳು ಆಳದ ಚಿಕ್ಕ ಬಟ್ಟಲು ಸಾಕು. ಸೋಸಿದ ನೀರನ್ನೇ ಸ್ವಲ್ಪ ಸ್ವಲ್ಪವಾಗಿ ಹಾಕಿ, ದಿನಕ್ಕೆ ಎರಡು ಮೂರು ಬಾರಿ ಬದಲಿಸಬೇಕು. ಹಳೆಯದನ್ನು ಗಿಡದ ಬುಡಕ್ಕೆ ಚೆಲ್ಲಬೇಕು. ಸೊಳ್ಳೆಯ ಮೊಟ್ಟೆ ಅಂಚಿಗೆ ಅಂಟುವುದರಿಂದ ದಿನವೂ ಬಟ್ಟಲನ್ನು ಉಜ್ಜಿ ತೊಳೆಯಬೇಕು. ನಡುವೆ ಒಂದು ಕಲ್ಲಿಟ್ಟರೆ ಜೇನುನೊಣ ಮುಳುಗದು.

ಕಾಳಿನ ಮಾತೂ ಅಷ್ಟೆ. ನವಣೆ, ಸಜ್ಜೆ, ನುಚ್ಚಕ್ಕಿ ಒಳ್ಳೆಯವು. ಉಪ್ಪು ಬೆರೆತದ್ದು, ಕರಿದದ್ದು ಬೇಡ. ಹುಳು ಬಿದ್ದ ಅಕ್ಕಿಯನ್ನು ಹಕ್ಕಿಯ ನೆಪದಲ್ಲಿ ಹೊರಗೆ ಸುರಿಯುವುದು ದಾನವಲ್ಲ, ಕಸ ವಿಲೇವಾರಿ. ಗುಬ್ಬಚ್ಚಿ, ಮೈನಾಗಳೂ ಶ್ರಾವಕರಂತೆ ಸೂರ್ಯಾಸ್ತದ ಮೇಲೆ ಉಣ್ಣುವುದಿಲ್ಲ. ಆದ್ದರಿಂದ ಸಂಜೆ ಉಳಿದ ಕಾಳನ್ನು ಎತ್ತಿಡುವುದು ಲೇಸು. ಇಲ್ಲದಿದ್ದರೆ ಇಲಿ ಬರುತ್ತದೆ, ಇಲಿಯ ಹಿಂದೆ ಪಾಷಾಣ ಬರುತ್ತದೆ. ಬೆಕ್ಕು ಹೊಂಚಲು ಪೊದೆಯಿಲ್ಲದ ಎತ್ತರದ ಜಾಗದಲ್ಲಿ ಬಟ್ಟಲಿಡಬೇಕು.

ಗುಬ್ಬಚ್ಚಿ ಮರಿಗೆ ಹುಳು ತಿನ್ನಿಸುತ್ತದೆ, ಅದನ್ನು ಕರೆದ ನಮಗೆ ಪಾಪವಿಲ್ಲವೇ ಎಂಬ ಶಂಕೆ ಕೆಲವರದು. ತುಂಗೆಯ ನಡುಗಡ್ಡೆಯ ಮಂಡಗದ್ದೆಯಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿಗಳೂ ಮೀನನ್ನೇ ತಿನ್ನುತ್ತವೆ. ಅದು ಆ ಪರ್ಯಾಯದ ಸ್ವಭಾವ. ನಾವು ಮಾಡಿಸಿದ್ದಲ್ಲ, ಅನುಮೋದಿಸಿದ್ದೂ ಅಲ್ಲ.

ಇನ್ನು ಹಿತ್ತಲಿದ್ದವರಿಗೆ ಬಟ್ಟಲಿಗಿಂತ ಮರವೇ ಮೇಲು. ಸೀಬೆಗೆ ಗಿಳಿ, ದಾಸವಾಳಕ್ಕೆ ಸೂರಕ್ಕಿ, ಗಸಗಸೆ ಹಣ್ಣಿಗೆ ಪಿಕಳಾರ ಕರೆಯದೆಯೇ ಬರುತ್ತವೆ. ವಿಷ ಸಿಂಪಡಿಸದಿದ್ದರಾಯಿತು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬಟ್ಟಲುಗಳನ್ನು ಕವುಚಿಡಬಹುದು; ಬೂಷ್ಟು ಹಿಡಿದ ಕಾಳು ಹಕ್ಕಿಗೆ ರೋಗ ತರುತ್ತದೆ.