ಸಿಮೆಂಟ್ ಮೂಟೆ ತೂಕದ ಮೀನು, ಅಂಗೈಯಗಲದ ರೀಲು

ಒಂದು ಮೂಟೆ ಸಿಮೆಂಟ್ 50 ಕೆ.ಜಿ. 1946ರ ಮಾರ್ಚ್‌ನಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗನ್ ಗಾಳ ಹಾಕಿ ಕಬಿನಿಯಿಂದ ದಡಕ್ಕೆ ತಂದ ಮಹಶೀರ್ 120 ಪೌಂಡ್ ತೂಗಿತು. ಕಿಲೋ ಲೆಕ್ಕದಲ್ಲಿ 54ಕ್ಕೂ ತುಸು ಮೇಲೆ. ಸಿಮೆಂಟ್ ಮೂಟೆ ಹೆಗಲಿಗೇರಿಸಿ ನಾಲ್ಕು ಮೆಟ್ಟಿಲು ಹತ್ತಿದವರಿಗೆ ಆ ಭಾರ ಗೊತ್ತು. ಆ ಮೂಟೆಗೆ ಜೀವ ಬಂದು, ಬಾಲ ಮೂಡಿ, ಹೊಳೆಯ ಸೆಳವಿನ ಜೊತೆ ಓಡತೊಡಗಿದರೆ ಹೇಗಿರುತ್ತದೆ ಎಂದು ಸುಮ್ಮನೆ ಊಹಿಸಿಕೊಳ್ಳಿ. ಇತ್ತ ತುದಿಯಲ್ಲಿ ನಿಮ್ಮ ಕೈಯಲ್ಲಿರುವುದು ಒಂದು ಕೋಲು, ಒಂದು ದಾರ, ಅಂಗೈಯಲ್ಲಿ ಹಿಡಿಸುವ ಒಂದು ರೀಲು. ಅಷ್ಟೇ.

ಗಾಳದ ಲೋಕದಲ್ಲಿ ಹೆಚ್ಚು ಸದ್ದು ಮಾಡುವುದು ಅಮೆರಿಕದ ಬಾಸ್ ಮೀನು. ರೀಲು ತಯಾರಿಸುವ ದೊಡ್ಡ ಕಂಪನಿಗಳು ಅದನ್ನು ಕಣ್ಣಮುಂದಿಟ್ಟುಕೊಂಡೇ ಮಾಡೆಲ್ ಮೇಲೆ ಮಾಡೆಲ್ ಬಿಡುತ್ತವೆ. ಆ ಮೀನಿನ ವಿಶ್ವದಾಖಲೆ ಎಷ್ಟು ಗೊತ್ತೇ? 1932ರಲ್ಲಿ ಜಾರ್ಜಿಯಾದ ಜಾರ್ಜ್ ಪೆರ್ರಿ ಹಿಡಿದದ್ದು 22 ಪೌಂಡ್ 4 ಔನ್ಸ್. 77 ವರ್ಷ ಯಾರೂ ಅದರ ಹತ್ತಿರ ಸುಳಿಯಲಿಲ್ಲ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಅದಕ್ಕೆ ಸರಿಗಟ್ಟಿದ. ಹೆಚ್ಚಾಗಿದ್ದು ಒಂದು ಔನ್ಸಿಗೂ ಕಡಿಮೆ. ಅಂದರೆ ಜಗತ್ತಿನ ಅತಿ ದೊಡ್ಡ ಬಾಸ್ ಸುಮಾರು 10 ಕಿಲೋ. ನಮ್ಮ ಕಬಿನಿಯ ಮೀನಿನ ತೂಕಕ್ಕೆ ಅಂಥವು ಐದು ಬೇಕು, ಆಗಲೂ ತಕ್ಕಡಿ ನಮ್ಮ ಕಡೆಗೇ ವಾಲುತ್ತದೆ.

ಕಬಿನಿ ಹುಟ್ಟುವುದು ವಯನಾಡಿನಲ್ಲಿ. ಪನಮರಂ ಹೊಳೆ, ಮಾನಂದವಾಡಿ ಹೊಳೆ ಎರಡೂ ಕೂಡಿ ಕಬಿನಿಯಾಗುತ್ತವೆ. ಕೇರಳದ 44 ನದಿಗಳಲ್ಲಿ 41 ಪಡುವಣಕ್ಕೆ ಇಳಿದು ಸಮುದ್ರ ಸೇರಿದರೆ, ಮೂರು ಮಾತ್ರ ಮೂಡಣಕ್ಕೆ ಹರಿದು ಕಾವೇರಿಯ ಪಾಲಾಗುತ್ತವೆ: ಕಬಿನಿ, ಭವಾನಿ, ಪಾಂಬಾರ್. ಪಾಂಬಾರಿನ ಹೆಸರು ನೆನಪಿಟ್ಟುಕೊಳ್ಳಿ, ಅದರ ಕೆಲಸ ಮುಂದೆ ಇದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೈರಕುಪ್ಪೆಗೆ ಹೋದರೆ ಈಚೆ ದಡ ಕರ್ನಾಟಕ, ಆಚೆ ದಡ ವಯನಾಡಿನ ಪೆರಿಕ್ಕಲ್ಲೂರು. ನಡುವೆ ದೋಣಿ. ಸಂತೆಗೆ ಹೋಗುವವರು ರಾಜ್ಯ ದಾಟುವುದು ಹತ್ತು ನಿಮಿಷದೊಳಗೆ.

ನಾನು ರೀಲು ಕೊಳ್ಳಲು ಹೋದದ್ದು ಸುಲ್ತಾನ್ ಬತ್ತೇರಿಗೆ. ಅಂಗಡಿಯಾತನ ಕನ್ನಡ ನನಗಿಂತ ಚುರುಕಾಗಿತ್ತು. ವಯನಾಡಿನ ಬೇಕಾದಷ್ಟು ರೈತರಂತೆ ಆತನೂ ನಮ್ಮ ಕಡೆ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆದವನು. ಎಂಟು ವರ್ಷ ಹೆಗ್ಗಡದೇವನಕೋಟೆಯಲ್ಲಿ ಇದ್ದನಂತೆ. ಕೆಲಸದ ಹುಡುಗ ಮಾತ್ರ ಡಬ್ಬಿ ಮೇಲಿದ್ದ ಅಂಕಿಗಳನ್ನು ಜಪದಂತೆ ಓದಿದ: "ಸಾರ್, ಮ್ಯಾಕ್ಸ್ ಡ್ರ್ಯಾಗ್ 12 ಕಿಲೋ. ಬೇರಿಂಗ್ 10 ಪ್ಲಸ್ 1. ಇದಕ್ಕಿಂತ ಸ್ಟ್ರಾಂಗ್ ಇಲ್ಲ."

"ಚೇಟ್ಟಾ, 12 ಕಿಲೋ ನಿಜವಾಗಿ ಬೇಕಾ?" ಎಂದು ಯಜಮಾನನನ್ನು ಕೇಳಿದೆ.

ಆತ ನಕ್ಕ. "ಸಾರೇ, ಬೇಕಿದ್ದರೆ ಹಿಡಿದು ನೋಡಿ."

ಹಿಡಿದು ನೋಡಬೇಕಾಗಿಲ್ಲ, ಲೆಕ್ಕ ಹಾಕಿದರೆ ಸಾಕು. ಡ್ರ್ಯಾಗ್ ಎಂದರೆ ರೀಲಿನ ಬ್ರೇಕು. ಮೀನು ಎಷ್ಟು ಜೋರಾಗಿ ಎಳೆದಾಗ ಸುರುಳಿ ಜಾರಿ ದಾರ ಬಿಡಬೇಕು ಎಂಬುದನ್ನು ಅದು ತೀರ್ಮಾನಿಸುತ್ತದೆ. ಈಗ ಕೋಲಿನ ಬುಡ ಸೊಂಟಕ್ಕೆ ಆನಿಸಿದ್ದೀರಿ, ಮುಂದಿನ ಕೈ ಅಲ್ಲಿಂದ ಅರ್ಧ ಮೀಟರ್ ದೂರ, ಬಾಗಿದ ಕೋಲಿನ ತುದಿ ಒಂದೂವರೆ ಮೀಟರ್ ದೂರ. ಸನ್ನೆಗೋಲಿನ ನಿಯಮ ಇಲ್ಲಿ ಮೀನಿನ ಪಕ್ಷ. ತುದಿಯಲ್ಲಿ 12 ಕಿಲೋ ಎಳೆತ ಇದ್ದರೆ ಮುಂಗೈ ಹೊರಬೇಕಾದದ್ದು ಅದರ ಮೂರು ಪಟ್ಟು, 36 ಕಿಲೋ. ತುಂಬಿದ ಗ್ಯಾಸ್ ಸಿಲಿಂಡರ್ 30 ಕಿಲೋ ಆಸುಪಾಸು. ಅದಕ್ಕಿಂತ ಭಾರದ್ದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದರಲ್ಲಿ ಹಿಡಿಕೆ ತಿರುಗಿಸುತ್ತ, ಪಾಚಿಗಟ್ಟಿದ ಬಂಡೆಯ ಮೇಲೆ ಅರ್ಧ ಗಂಟೆ ನಿಲ್ಲಬಲ್ಲವರು ಗಾಳ ಬಿಟ್ಟು ಕುಸ್ತಿ ಅಖಾಡಕ್ಕೆ ಹೋಗುವುದು ಒಳ್ಳೆಯದು.

ಹಳಬರ ಪದ್ಧತಿ ಬೇರೆ. ದಾರ ತಾಳುವ ಭಾರದ ಮೂರನೇ ಒಂದು ಪಾಲಿಗೆ ಬ್ರೇಕು ಬಿಗಿ ಮಾಡು ಅನ್ನುತ್ತಾರೆ. ತಂಗೂಸಿ 30 ಪೌಂಡಿನದಾದರೆ ಅದು ತಾಳುವುದು 13.6 ಕಿಲೋ, ಬ್ರೇಕು ನಾಲ್ಕೂವರೆ ಕಿಲೋಗೆ. ಇಷ್ಟು ಸಡಿಲವೇ ಎಂದು ಹೊಸಬರು ಮೂಗು ಮುರಿಯುತ್ತಾರೆ. ನಾನೂ ಮುರಿದಿದ್ದೆ. ಕಾರಣ ಸುರುಳಿಯೊಳಗಿದೆ. ದಾರ ತುಂಬಿದ ಸುರುಳಿ ಐದು ಸೆಂ.ಮೀ. ಅಗಲ ಇದ್ದದ್ದು, ಮೀನು ಓಡಿ ಓಡಿ ದಾರ ಬಿಚ್ಚುತ್ತ ಎರಡೂವರೆಗೆ ಇಳಿಯಿತು ಅನ್ನಿ. ನೀವು ಬ್ರೇಕಿನ ತಿರುಪು ಮುಟ್ಟಿಯೇ ಇಲ್ಲ, ಆದರೂ ಎಳೆತ ಎರಡು ಪಟ್ಟಾಗಿರುತ್ತದೆ. ಸಣ್ಣ ಚಕ್ರ ತಿರುಗಿಸಲು ಹೆಚ್ಚು ಬಲ ಬೇಕು, ಅಷ್ಟೇ ವಿಷಯ. ನಾಲ್ಕೂವರೆ ಒಂಬತ್ತಾಯಿತು. ನೀರಲ್ಲಿ ಬಿದ್ದ ನೂರಾರು ಅಡಿ ದಾರವನ್ನು ಸೆಳವು ಬೇರೆ ಎಳೆಯುತ್ತದೆ, ಗಂಟು ಹಾಕಿದ ಕಡೆ ದಾರದ ಬಲ ಮೊದಲೇ ಕುಂದಿರುತ್ತದೆ. ಇನ್ನು 12 ಕಿಲೋಗೆ ಬಿಗಿ ಮಾಡಿಟ್ಟವನ ಬ್ರೇಕು 24 ಕೇಳುವ ಹೊತ್ತಿಗೆ ದಾರ ತುಂಡಾಗಿ ಎಷ್ಟೋ ಕಾಲವಾಗಿರುತ್ತದೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿದ ಆ 12, ನನ್ನ ಮಟ್ಟಿಗೆ, ಮೀನು ತಪ್ಪಿಸಿಕೊಳ್ಳುವ ಅಂಕಿ.

ಬಿಸಿಯ ಲೆಕ್ಕ ಇನ್ನೂ ಸೊಗಸು. ನಾಲ್ಕೂವರೆ ಕಿಲೋ ಬ್ರೇಕಿನ ಎದುರು ಮೀನು 150 ಮೀಟರ್ ಓಡಿದರೆ ಹುಟ್ಟುವ ಶಾಖ ಸುಮಾರು 6,600 ಜೂಲ್. ಆರಿಹೋದ ಅರ್ಧ ಲೋಟ ಕಾಫಿಯನ್ನು 15 ಡಿಗ್ರಿ ಬಿಸಿ ಮಾಡಲು ಅಷ್ಟು ಸಾಕು. ಅದೆಲ್ಲ ಸುರಿಯುವುದು ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ನಾಲ್ಕಾರು ಬಿಲ್ಲೆಗಳ ಮೇಲೆ. ಹಿಂದೆ ಅವು ಚರ್ಮದವು, ಈಗ ಕಾರ್ಬನ್ನಿನವು. ಬಿಲ್ಲೆ ಸೀದು ಅಂಟಿಕೊಂಡರೆ ಬ್ರೇಕು ತಡೆತಡೆದು ಜಾರುತ್ತದೆ, ಆ ಒಂದು ಜರ್ಕಿಗೆ ದಾರ ಹೋಯಿತು. ಆದ್ದರಿಂದ ನಾನು ಬೇರಿಂಗ್ ಎಣಿಸುವುದಿಲ್ಲ. ದಾರಕ್ಕೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಮೆಲ್ಲಗೆ ಎಳೆದು ನೋಡುತ್ತೇನೆ. ಮುಳ್ಳು ಒಂದೇ ಕಡೆ ನಿಂತು ದಾರ ಬೆಣ್ಣೆಯ ಹಾಗೆ ಬರಬೇಕು. ಬತ್ತೇರಿಯ ಆ 12 ಕಿಲೋ ಮಹಾರಾಜನ ಮುಳ್ಳು ಎರಡರಿಂದ ಐದಕ್ಕೆ ಹಾರಿ ಮತ್ತೆ ಮೂರಕ್ಕೆ ಕುಣಿಯಿತು.

ಹುಡುಗ ಆಮೇಲೆ ಬಾಸ್ ಹಿಡಿಯುವವರ ಮೆಚ್ಚಿನ ಬೇಟ್‌ಕಾಸ್ಟರ್ ತೆಗೆದ. ಅಂದದ ವಸ್ತು, ಕೈಗಿಟ್ಟರೆ ಗಡಿಯಾರದ ಹಾಗೆ. ಅದರಲ್ಲಿ ಗಾಳ ಬೀಸಿದಾಗ ಸುರುಳಿಯೇ ಗರಗರ ಸುತ್ತುತ್ತದೆ. ಎಷ್ಟು ಸುತ್ತು? ಸುರುಳಿ ಮೂರೂವರೆ ಸೆಂ.ಮೀ. ಅಗಲ ಇದ್ದರೆ ಒಂದು ಸುತ್ತಿಗೆ 11 ಸೆಂ.ಮೀ. ದಾರ. ಗಾಳ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹಾರಿದರೆ ಸೆಕೆಂಡಿಗೆ 180 ಸುತ್ತು, ನಿಮಿಷದ ಲೆಕ್ಕದಲ್ಲಿ 10,800. ಮನೆಯ ಸೀಲಿಂಗ್ ಫ್ಯಾನ್ ಪೂರ್ತಿ ಜೋರಿನಲ್ಲಿ 350ರ ಸುಮಾರು. ಕಾರಿನ ಎಂಜಿನ್ 6,000 ದಾಟಿದರೆ ಮುಳ್ಳು ಕೆಂಪಿಗೆ ಬರುತ್ತದೆ. ಈ ಪುಟ್ಟ ಸುರುಳಿ ಸೊನ್ನೆಯಿಂದ ಹತ್ತು ಸಾವಿರಕ್ಕೆ ಏರಲು ಅರ್ಧ ಸೆಕೆಂಡೂ ಹಿಡಿಯದು. ಗಾಳ ನೀರಿಗೆ ಬಿದ್ದ ಕ್ಷಣ ಹೆಬ್ಬೆರಳಿಟ್ಟು ನಿಲ್ಲಿಸದಿದ್ದರೆ ಸುರುಳಿ ಸುತ್ತುತ್ತಲೇ ಇರುತ್ತದೆ, ದಾರ ಹೊರಗೆ ಹೋಗದೆ ಒಳಗೇ ಗೋಜಲಾಗುತ್ತದೆ. ಅದನ್ನು ಬಿಡಿಸುವುದಕ್ಕೆ ಹೋಲಿಸಿದರೆ ಬೆಕ್ಕು ಆಡಿದ ಉಲ್ಲನ್ ಉಂಡೆ ಸಲೀಸು. ಸಾದಾ ಸ್ಪಿನ್ನಿಂಗ್ ರೀಲಿನಲ್ಲಿ ಸುರುಳಿ ಅಲುಗುವುದಿಲ್ಲ, ದಾರ ಅದರ ಅಂಚಿನಿಂದ ಸುಳಿಸುಳಿಯಾಗಿ ಕಳಚಿ ಹೋಗುತ್ತದೆ. 1905ರಲ್ಲಿ ಇಂಗ್ಲೆಂಡಿನ ಇಲ್ಲಿಂಗ್‌ವರ್ತ್ ಈ ಉಪಾಯಕ್ಕೆ ಪೇಟೆಂಟ್ ಪಡೆದ. ನನ್ನಂಥ ಭಾನುವಾರದ ಬೇಟೆಗಾರರು ಅವನಿಗೆ ಋಣಿ.

ಇಷ್ಟಕ್ಕೂ ರೀಲು ಇಲ್ಲದೆಯೂ ಗಾಳ ನಡೆದಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವಿದೆ. ಯಾವ ಮೀನಿಗೆ ಯಾವ ಎರೆ ಎಂದು ರಾಜನೇ ಕೂತು ಬರೆದಿದ್ದಾನೆ. ಅದಾಗಿ ಅರವತ್ತೈದು ವರ್ಷಕ್ಕೆ, 1195ರಲ್ಲಿ, ಚೀನಾದ ಮಾ ಯುವಾನ್ ಬರೆದ ಚಿತ್ರವೊಂದರಲ್ಲಿ ದೋಣಿಯಲ್ಲಿ ಕೂತವನ ಕೋಲಿಗೆ ಪುಟ್ಟ ರಾಟೆ ಕಾಣಿಸುತ್ತದೆ. ರೀಲಿನ ಅತಿ ಹಳೆಯ ಚಿತ್ರವೆಂದು ಎಲ್ಲರೂ ತೋರಿಸುವುದು ಅದನ್ನೇ. ಬ್ರಿಟಿಷರ ಕಾಲಕ್ಕೆ ಬಂದರೆ, ಮಹಶೀರ್ ಹಿಡಿಯುವ ದೊರೆಗಳ ಕೈಪಿಡಿಯಾದ ಎಚ್.ಎಸ್. ಥಾಮಸ್ಸನ 'ದ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ.

ವ್ಯಾನ್ ಇಂಗನ್ ಮನೆತನ ಗಾಳಕ್ಕಿಂತ ಹೆಚ್ಚಾಗಿ ಹೆಸರಾದದ್ದು ಸತ್ತ ಪ್ರಾಣಿಗಳಿಗೆ ಜೀವಕಳೆ ತುಂಬುವುದರಲ್ಲಿ. ಅವರ ಮೈಸೂರಿನ ಕಾರ್ಖಾನೆಯಲ್ಲಿ ಹದಮಾಡಿ ನಿಲ್ಲಿಸಿದ ಹುಲಿ ಚಿರತೆಗಳೇ 43,000ಕ್ಕೂ ಹೆಚ್ಚು. 1999ರಲ್ಲಿ ಬಾಗಿಲು ಮುಚ್ಚಿತು. ಆ ಅಂಕಿಯ ಮುಂದೆ ಬೆರಗಿಗಿಂತ ನನಗೆ ಹೊಟ್ಟೆ ತೊಳಸುವುದೇ ಹೆಚ್ಚು. ಅಷ್ಟು ಚರ್ಮ ಕಂಡ ಮನೆಯವರ ಹೆಸರನ್ನು ಗಾಳದ ಇತಿಹಾಸದಲ್ಲಿ ಉಳಿಸಿದ್ದು ಒಂದು ಮೀನು. ಅದಕ್ಕೆ ಮುಂಚಿನ ದಾಖಲೆ 1919ರದ್ದು, 119 ಪೌಂಡ್. 27 ವರ್ಷಕ್ಕೆ ಒಂದೇ ಪೌಂಡ್ ಮುಂದೆ.

ನಮ್ಮವರು ಬಿಳಿ ಮೀನು ಅನ್ನುತ್ತಿದ್ದ ಈ ಗೂನುಬೆನ್ನಿನ ಮಹಶೀರ್‌ಗೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಏಡಿ ಬಸವನಹುಳುಗಳನ್ನು ಅಲ್ಲೇ ಅರೆಯುತ್ತದೆ. ಕಾವೇರಿಯಲ್ಲಿ ಅದಕ್ಕೆ ಹಾಕುತ್ತಿದ್ದ ಎರೆ ಯಾವುದು ಅಂದುಕೊಂಡಿರಿ? ರಾಗಿ ಮುದ್ದೆ. ವಿಲಾಯಿತಿಯಿಂದ ದುಬಾರಿ ರೀಲು ಹೊತ್ತು ವಿಮಾನ ಹತ್ತಿ ಬಂದವರೂ ಕೊನೆಗೆ ಮುದ್ದೆ ತೊಳಸಿಯೇ ಕೊಕ್ಕೆಗೆ ಚುಚ್ಚುತ್ತಿದ್ದರು.

ಅಂಥವರು ಬರುತ್ತಿದ್ದ ಕಾವೇರಿ ದಡದ ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಪ್ರತಿ ಮೀನನ್ನೂ ಬರೆದಿಟ್ಟರು. ವಿಜ್ಞಾನಿಗಳು 2015ರಲ್ಲಿ ಆ ಪುಸ್ತಕಗಳನ್ನು ಕೂಡಿ ಕಳೆದು ನೋಡಿದರು. ಗಾಳ ನೀರಲ್ಲಿದ್ದದ್ದು 23,620 ಗಂಟೆ, ಸಿಕ್ಕ ಮಹಶೀರ್ 6,161. ಒಬ್ಬನೇ ಹಗಲು ರಾತ್ರಿ ಒಂದೇ ಸಮನೆ ಕೂತಿದ್ದರೆ 984 ದಿನ, ಹೆಚ್ಚು ಕಡಿಮೆ ನಾಲ್ಕು ಗಂಟೆಗೆ ಒಂದು ಮೀನು. ಅತಿ ದೊಡ್ಡದು 46.8 ಕಿಲೋ. ಆದರೆ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಬೇರೆ. ವರ್ಷ ಕಳೆದಂತೆ ಹೊರಗಿನಿಂದ ತಂದು ಬಿಟ್ಟಿದ್ದ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತ ಹೋಯಿತು, ಗೂನುಬೆನ್ನಿನದು ಕಡಿಮೆಯಾಗುತ್ತ ಬಂತು. ಸಿಗುತ್ತಿದ್ದ ಅಷ್ಟಿಷ್ಟು ಗೂನುಬೆನ್ನಿನವು ಮಾತ್ರ ಹಿಂದಿಗಿಂತ ದೊಡ್ಡವಾಗಿದ್ದವು. ದೊಡ್ಡ ಮೀನು ಸಿಕ್ಕಿತೆಂದು ಗಾಳದವರು ಫೋಟೊಗೆ ನಗುತ್ತಿದ್ದರು. ಅದರ ಅರ್ಥ ಮರಿಗಳು ಬರುತ್ತಿಲ್ಲ, ಹೊಳೆಯಲ್ಲಿ ಉಳಿದವು ಮುದುಕ ಮೀನುಗಳು ಎಂದು.

ಈ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಹೊಂದಿಸಿದ್ದು 2018ರಲ್ಲಿ. 2007ರಲ್ಲಿ ಪಾಂಬಾರ್ ನದಿಯಲ್ಲಿ ಸಿಕ್ಕ ಸಣ್ಣ ಮೀನುಗಳಿಗೆ ಪ್ರಾಣಿಶಾಸ್ತ್ರಜ್ಞೆ ಕೆ. ರೆಮಾದೇವಿ ಅವರ ಗೌರವಾರ್ಥ 'ಟಾರ್ ರೆಮಾದೇವಿ' ಎಂದು ಹೆಸರಿಟ್ಟಿದ್ದರು. ಕಾವೇರಿಯ ದೈತ್ಯವೂ ಅದೇ ಜಾತಿ ಎಂದು ಆಮೇಲೆ ಗೊತ್ತಾಯಿತು. ಹೆಸರು ಸಿಕ್ಕ ವರ್ಷವೇ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಅಷ್ಟರಲ್ಲಿ, ಅಭಯಾರಣ್ಯದೊಳಗೆ ಗಾಳವೂ ಬೇಟೆಯೇ ಎಂದು ಕಾವೇರಿಯ ಶಿಬಿರಗಳಲ್ಲಿ ಮೀನು ಹಿಡಿಯುವುದು ನಿಂತು ವರ್ಷಗಳಾಗಿದ್ದವು. ಕಬಿನಿಯ ಕತೆ ಅದಕ್ಕಿಂತ ಮುಂಚೆಯೇ ಕಟ್ಟಿಹೋಗಿತ್ತು: 1974ರಲ್ಲಿ ಬೀಚನಹಳ್ಳಿ ಅಣೆಕಟ್ಟು ಮುಗಿದ ಮೇಲೆ, ಕಾವೇರಿಯಿಂದ ವಯನಾಡಿನ ತಣ್ಣೀರಿಗೆ ಹತ್ತುವ ಮೀನಿಗೆ ದಾರಿ ಇಲ್ಲ.

ಹಾಗಾದರೆ ವಯನಾಡಿನಲ್ಲಿ ಇಂದು ರೀಲು ಯಾತಕ್ಕೆ? ವರಾಲ್‌ಗೆ. ಮಲೆನಾಡಿನವರ ಔಲು. ವಯಲ್ ಎಂದರೆ ಗದ್ದೆ; ಗದ್ದೆ ನಾಡಿನ ಕೆರೆ ಕಾಲುವೆಗಳಲ್ಲಿ ಅದು ಜೊಂಡಿನ ಕೆಳಗೆ ಕಾದು ಕೂತಿರುತ್ತದೆ. ಅಮೆರಿಕದಲ್ಲಿ ಬಾಸ್‌ಗೆಂದು ಮಾಡಿದ ರಬ್ಬರ್ ಕಪ್ಪೆಯನ್ನು ಎಲೆಗಳ ಮೇಲೆ ಕುಪ್ಪಳಿಸಿದರೆ ಸಿಡಿದು ಬಂದು ನುಂಗುತ್ತದೆ. ಇಲ್ಲಿ ಮಹಶೀರ್‌ನ ಲೆಕ್ಕವೆಲ್ಲ ತಲೆಕೆಳಗು. ಮೀನಿಗೆ ಐದು ಅಡಿ ಓಡಲು ಬಿಟ್ಟರೂ ಜೊಂಡಿಗೆ ಸುತ್ತಿಕೊಂಡಿತು, ಮುಗಿಯಿತು. ಹೆಣೆದ ದಾರ ಹಾಕಿ ಬ್ರೇಕು ಬಿಗಿ ಮಾಡಿ ಸೀದಾ ಎಳೆಯಬೇಕು. ದೂರ ಹತ್ತು ಹದಿನೈದು ಮೀಟರ್, ಸುಟ್ಟುಹೋಗುವಷ್ಟು ಬಿಸಿ ಹುಟ್ಟಲು ಹೊತ್ತೇ ಇಲ್ಲ.

ಅದಕ್ಕೆ ನಾನು ಆರಿಸಿದ್ದು 3000 ಅಳತೆಯ ಒಂದು ಸಾದಾ ಸ್ಪಿನ್ನಿಂಗ್ ರೀಲು. ಒಂದು ಸುತ್ತಿಗೆ ಮುಕ್ಕಾಲು ಮೀಟರ್ ದಾರ ಸೇದುತ್ತದೆ, ತಕ್ಕಡಿಯ ಮುಳ್ಳು ಕುಣಿಯುವುದಿಲ್ಲ. "ಬೇರಿಂಗ್ ನಾಲ್ಕೇ ಸಾರ್" ಎಂದು ಹುಡುಗ ಬೇಸರದಿಂದಲೇ ಕಟ್ಟಿಕೊಟ್ಟ. ನೀವೂ ಕೊಳ್ಳುವುದಾದರೆ ಜೇಬಿನಲ್ಲಿ ಸ್ಪ್ರಿಂಗ್ ತಕ್ಕಡಿ ಇಟ್ಟುಕೊಂಡೇ ಹೋಗಿ. ನಾಗರಹೊಳೆ, ಮುತ್ತಂಗ ಕಡೆ ಕಾಡು ಹೊಕ್ಕುವಾಗ ರೀಲನ್ನು ಮನೆಯಲ್ಲೇ ಬಿಡಿ.

ನನ್ನ ರೀಲು ಈವರೆಗೆ ಎಳೆದ ಅತಿ ದೊಡ್ಡ ಮೀನು ಒಂದು ಕಿಲೋ ಇನ್ನೂರು ಗ್ರಾಂ ತೂಕದ ವರಾಲ್. ಅಂಥ ನಲವತ್ತೈದು ಹಿಡಿದರೆ 1946ರ ಒಂದು ಮೀನಾಗುತ್ತದೆ.