ಎಂಜಿನ್ ಬದಲಾಯಿತು, ಕಾರು ಏಕೆ ಓಡುತ್ತಿಲ್ಲ? ಇಂಧನ ಪಂಪ್ ಬದಲಿಸುವ ಮುನ್ನ ಪರೀಕ್ಷಿಸಬೇಕಾದ ಸಂಗತಿಗಳು

ಹಳೆಯ ಕಾರನ್ನು ಗುಜರಿಗೆ ಹಾಕಲು ಮನಸ್ಸಾಗದೆ, ಅದಕ್ಕೆ ಬೇರೊಂದು ಎಂಜಿನ್ ಕೂರಿಸಿ ಇನ್ನಷ್ಟು ವರ್ಷ ಓಡಿಸುವುದು ನಮ್ಮ ಸಣ್ಣ ಪಟ್ಟಣಗಳಿಗೆ ಹೊಸದೇನಲ್ಲ. ಒಂದು ಕಾಲದಲ್ಲಿ ಪೆಟ್ರೋಲ್ ಅಂಬಾಸಿಡರ್ ಹಾಗೂ ಜೀಪುಗಳಿಗೆ ಡೀಸೆಲ್ ಎಂಜಿನ್ ಹಾಕಿಸುವುದು ಸಾಮಾನ್ಯವಾಗಿತ್ತು. ನಂತರ ಕಾರ್ಬ್ಯುರೇಟರ್ ಇದ್ದ ಮಾರುತಿ 800, ಓಮ್ನಿ, ಜಿಪ್ಸಿ ವಾಹನಗಳಿಗೆ ಎಂಪಿಎಫ್‌ಐ ಎಂಜಿನ್ ಅಳವಡಿಸುವ ಕಾಲ ಬಂದಿತು. ಎಂಜಿನ್ ಕೂರಿಸುವ ಕೆಲಸವೇನೋ ಮುಗಿಯುತ್ತದೆ. ಆದರೆ ಕೀಲಿ ತಿರುಗಿಸಿದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಆದರೂ ನಾಲ್ಕು ಕಿಲೋಮೀಟರ್ ಓಡಿ ನಡುರಸ್ತೆಯಲ್ಲಿ ನಿಲ್ಲುತ್ತದೆ. ಆಗ ಮೊದಲು ಅನುಮಾನಕ್ಕೆ ಗುರಿಯಾಗುವುದು ಇಂಧನ ಪಂಪ್.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಅಥವಾ ಜಗಳೂರಿನ ವಾಹನ ಮಾಲೀಕನಿಗೆ ಈ ಅನುಮಾನ ದುಬಾರಿಯಾಗಿ ಪರಿಣಮಿಸಬಹುದು. ಬಿಡಿಭಾಗಕ್ಕಾಗಿ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗಿಬರಬೇಕು. ಎಲೆಕ್ಟ್ರಿಕಲ್ ಸಾಮಾನನ್ನು ಒಮ್ಮೆ ಜೋಡಿಸಿದ ಮೇಲೆ ಅಂಗಡಿಯವರು ಸಾಮಾನ್ಯವಾಗಿ ವಾಪಸು ಪಡೆಯುವುದಿಲ್ಲ. ಹೊಸ ಪಂಪ್ ಹಾಕಿದ ಮೇಲೂ ದೋಷ ಹಾಗೆಯೇ ಉಳಿದರೆ ಹಣ, ದಿನ ಎರಡೂ ವ್ಯರ್ಥ. ವಾಸ್ತವದಲ್ಲಿ ಎಂಜಿನ್ ಬದಲಾವಣೆಯ ನಂತರ ಕಾಣಿಸುವ ಇಂಧನದ ತೊಂದರೆಗಳಲ್ಲಿ ಅನೇಕ ಬಾರಿ ಪಂಪ್ ನಿರಪರಾಧಿಯಾಗಿರುತ್ತದೆ. ದೋಷ ಇರುವುದು ಹೊಸ ಎಂಜಿನ್ ಮತ್ತು ಹಳೆಯ ಗಾಡಿಯ ಹೊಂದಾಣಿಕೆಯಲ್ಲಿ.

ಎರಡು ಬಗೆಯ ಪಂಪ್, ಎರಡು ಬಗೆಯ ಒತ್ತಡ

ಕಾರ್ಬ್ಯುರೇಟರ್ ಎಂಜಿನ್‌ನಲ್ಲಿ ಪಂಪ್ ಎಂಜಿನ್ನಿನ ಪಕ್ಕದಲ್ಲೇ ಇರುತ್ತದೆ. ಹಳೆಯ ಮೆಕ್ಯಾನಿಕರು ಇದನ್ನು ‘ಎ.ಸಿ. ಪಂಪ್’ ಎಂದು ಕರೆಯುತ್ತಾರೆ. ಕ್ಯಾಮ್‌ಶಾಫ್ಟ್ ತಿರುಗಿದಂತೆ ಅದರ ಸನ್ನೆ ಮೇಲೆ ಕೆಳಗೆ ಆಡಿ, ಒಳಗಿನ ರಬ್ಬರ್ ಪೊರೆ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಇದರ ಒತ್ತಡ ಸುಮಾರು 3ರಿಂದ 5 ಪೌಂಡ್ ಮಾತ್ರ.

ಎಂಪಿಎಫ್‌ಐ ಎಂಜಿನ್‌ನಲ್ಲಿ ಪಂಪ್ ವಿದ್ಯುತ್ತಿನಿಂದ ನಡೆಯುತ್ತದೆ ಮತ್ತು ಸಾಮಾನ್ಯವಾಗಿ ಟ್ಯಾಂಕಿನ ಒಳಗೇ ಇರುತ್ತದೆ. ಇಂಜೆಕ್ಟರ್‌ಗಳು ಪೆಟ್ರೋಲನ್ನು ಸಿಂಪಡಿಸಬೇಕಾದರೆ ಸುಮಾರು 35ರಿಂದ 45 ಪೌಂಡ್ ಒತ್ತಡ ಬೇಕು. ಕಾರಿನ ಚಕ್ರಕ್ಕೆ ನಾವು ತುಂಬಿಸುವ ಗಾಳಿ ಸುಮಾರು 30 ಪೌಂಡ್ ಎಂಬುದನ್ನು ನೆನೆದರೆ ಈ ಅಂತರ ಅರ್ಥವಾಗುತ್ತದೆ.

ಆದ್ದರಿಂದ ಒಂದರ ಪಂಪ್ ಇನ್ನೊಂದಕ್ಕೆ ಸಲ್ಲದು. ಹಳೆಯ ಪಂಪಿನಿಂದ ಎಂಪಿಎಫ್‌ಐ ಎಂಜಿನ್ ಸ್ಟಾರ್ಟ್ ಆಗುವುದೇ ಇಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಕಾರ್ಬ್ಯುರೇಟರ್‌ಗೆ ಎಂಪಿಎಫ್‌ಐ ಪಂಪ್ ಜೋಡಿಸಿದರೆ ಅದರ ಸೂಜಿ ಕವಾಟ ಒತ್ತಡವನ್ನು ತಡೆಯಲಾರದೆ ಪೆಟ್ರೋಲ್ ಉಕ್ಕಿ ಬಿಸಿ ಎಂಜಿನ್ ಮೇಲೆ ಚೆಲ್ಲುತ್ತದೆ. ಇದು ಬೆಂಕಿಗೆ ನೀಡುವ ನೇರ ಆಹ್ವಾನ.

ಮೂರು ಪ್ರಶ್ನೆಗಳು

ಪಂಪ್ ಕೆಟ್ಟಿದೆ ಎಂದು ತೀರ್ಮಾನಿಸುವ ಮುನ್ನ ಮೂರು ಪ್ರಶ್ನೆಗಳಿಗೆ ಕ್ರಮವಾಗಿ ಉತ್ತರ ಕಂಡುಕೊಳ್ಳಬೇಕು. ಪಂಪಿಗೆ ವಿದ್ಯುತ್ ತಲುಪುತ್ತಿದೆಯೇ? ಪಂಪಿಗೆ ಇಂಧನ ಸಿಗುತ್ತಿದೆಯೇ? ಪಂಪ್ ಕೊಡುವ ಒತ್ತಡ ಎಂಜಿನ್‌ಗೆ ಸಾಲುತ್ತಿದೆಯೇ?

ಮೊದಲನೆಯದು ವಿದ್ಯುತ್. ಎಂಪಿಎಫ್‌ಐ ಗಾಡಿಯ ಕೀಲಿಯನ್ನು ‘ಆನ್’ ಸ್ಥಾನಕ್ಕೆ ತಿರುಗಿಸಿದೊಡನೆ ಟ್ಯಾಂಕಿನ ಕಡೆಯಿಂದ ಎರಡು ಮೂರು ಸೆಕೆಂಡ್ ಸಣ್ಣಗೆ ಗುಂಯ್‌ಗುಡುವ ಸದ್ದು ಕೇಳಿ ನಿಲ್ಲಬೇಕು. ಸದ್ದಿಲ್ಲದಿದ್ದರೆ ಮೊದಲು ಫ್ಯೂಸ್, ಬಳಿಕ ರಿಲೇ ನೋಡಬೇಕು. ಹಾರ್ನ್ ರಿಲೇ ಅದೇ ಮಾದರಿಯದಾಗಿದ್ದರೆ ಅದನ್ನು ಪಂಪಿನ ಜಾಗಕ್ಕೆ ಹಾಕಿ ನೋಡಿದರೆ ಖರ್ಚಿಲ್ಲದೆ ಪರೀಕ್ಷೆ ಮುಗಿಯುತ್ತದೆ. ಆಮೇಲೆ ಪಂಪ್ ನಡೆಯುತ್ತಿರುವಾಗಲೇ ಅದರ ಕನೆಕ್ಟರ್‌ನಲ್ಲಿ ಮಲ್ಟಿಮೀಟರ್ ಹಿಡಿಯಬೇಕು. ಬ್ಯಾಟರಿಯಲ್ಲಿ ಇರುವ ವೋಲ್ಟ್‌ಗಿಂತ ಅಲ್ಲಿ ಒಂದು ವೋಲ್ಟ್‌ಗೂ ಹೆಚ್ಚು ಕಡಿಮೆ ಇದ್ದರೆ ದೋಷ ವೈರಿನಲ್ಲಿ ಅಥವಾ ಅರ್ಥಿಂಗ್‌ನಲ್ಲಿದೆ ಎಂದರ್ಥ. ಕಾರ್ಬ್ಯುರೇಟರ್ ಕಾಲದ ಗಾಡಿಯಲ್ಲಿ ಪಂಪಿಗೆಂದು ವೈರಿಂಗ್ ಇರುವುದೇ ಇಲ್ಲ. ಹೊಸದಾಗಿ ಎಳೆದ ವೈರ್ ತೆಳುವಾಗಿದ್ದರೆ, ಅರ್ಥ್ ವೈರನ್ನು ತುಕ್ಕು ಅಥವಾ ಬಣ್ಣದ ಮೇಲೆಯೇ ಬಿಗಿದಿದ್ದರೆ, ಒಳ್ಳೆಯ ಪಂಪ್ ಕೂಡ ಸೊರಗುತ್ತದೆ.

ಎಂಜಿನ್ ಬಂದ ಗಾಡಿಯ ಇಸಿಯುನಲ್ಲಿ ಇಮ್ಮೊಬಿಲೈಸರ್ ಇದ್ದು, ಅದಕ್ಕೆ ಹೊಂದುವ ಕೀಲಿ ಬಾರದಿದ್ದರೆ ಪಂಪ್ ಸರಿಯಿದ್ದರೂ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಎಂಜಿನ್ ಕೊಳ್ಳುವಾಗ ಇಸಿಯು, ವೈರಿಂಗ್ ಮತ್ತು ಕೀಲಿಯನ್ನೂ ಒಟ್ಟಿಗೆ ಪಡೆಯುವುದು ಜಾಣತನ.

ಎರಡನೆಯದು ಇಂಧನ. ಹಳೆಯ ಟ್ಯಾಂಕಿನೊಳಗಿನ ತುಕ್ಕು ಪಂಪಿನ ಜಾಲರಿಯನ್ನು ಮುಚ್ಚುತ್ತದೆ. ಫಿಲ್ಟರ್ ಮೇಲಿನ ಬಾಣದ ಗುರುತು ಎಂಜಿನ್ ಕಡೆಗೆ ಇರಬೇಕು. ತಿರುಗುಮುರುಗಾಗಿ ಹಾಕಿರುವುದು ಅಪರೂಪವಲ್ಲ. ಟ್ಯಾಂಕಿನ ಮುಚ್ಚಳ ಅಥವಾ ಗಾಳಿಕೊಳವೆ ಕಟ್ಟಿಕೊಂಡಿದ್ದರೆ ಒಳಗೆ ನಿರ್ವಾತ ಉಂಟಾಗಿ ಗಾಡಿ ಸ್ವಲ್ಪ ದೂರ ಓಡಿ ನಿಲ್ಲುತ್ತದೆ. ಆಗ ಮುಚ್ಚಳ ತೆರೆದರೆ ‘ಸುಯ್’ ಎಂದು ಗಾಳಿ ಒಳನುಗ್ಗಿ ಗಾಡಿ ಮತ್ತೆ ಸ್ಟಾರ್ಟ್ ಆದರೆ ಕಾರಣ ಸಿಕ್ಕಂತೆಯೇ. ಎಂಪಿಎಫ್‌ಐ ಟ್ಯಾಂಕಿನಲ್ಲಿ ಪಂಪಿನ ಸುತ್ತ ಪೆಟ್ರೋಲ್ ಹಿಡಿದಿಡುವ ಒಂದು ಬಟ್ಟಲಿನಂಥ ರಚನೆ ಇರುತ್ತದೆ. ಹಳೆಯ ಟ್ಯಾಂಕಿನಲ್ಲಿ ಅದಿಲ್ಲ. ಹಾಗಾಗಿ ಇಂಧನ ಕಡಿಮೆಯಿದ್ದಾಗ ತಿರುವು, ಏರುಗಳಲ್ಲಿ ಪಂಪ್ ಗಾಳಿ ಎಳೆದುಕೊಂಡು ಎಂಜಿನ್ ಮುಗ್ಗರಿಸುತ್ತದೆ. ಒಳಗಿನ ಪಂಪಿಗೆ ಪೆಟ್ರೋಲೇ ತಂಪು ನೀಡುವುದರಿಂದ, ಸದಾ ರಿಸರ್ವ್‌ನಲ್ಲಿ ಓಡಿಸಿದರೆ ಅದು ಬೇಗ ಸುಡುತ್ತದೆ.

ಮೂರನೆಯದು ಒತ್ತಡ. ಇಂಜೆಕ್ಟರ್‌ಗಳ ಕೊಳವೆಗೆ ಒತ್ತಡಮಾಪಕ ಜೋಡಿಸಿದರೆ ಊಹೆಗೆ ಎಡೆಯೇ ಇರುವುದಿಲ್ಲ. ಒತ್ತಡ ಕಡಿಮೆಯಿದ್ದರೆ ಫಿಲ್ಟರ್, ರೆಗ್ಯುಲೇಟರ್, ಕೊನೆಗೆ ಪಂಪ್. ಹೆಚ್ಚಿದ್ದರೆ ಟ್ಯಾಂಕಿಗೆ ಮರಳುವ ರಿಟರ್ನ್ ಪೈಪ್ ಮಡಚಿದೆಯೇ ಎಂದು ನೋಡಬೇಕು. ಎಂಜಿನ್ ನಿಂತ ಕೂಡಲೇ ಒತ್ತಡ ಸೊನ್ನೆಗೆ ಇಳಿದರೆ ಪಂಪಿನ ತಡೆಕವಾಟ, ರೆಗ್ಯುಲೇಟರ್ ಅಥವಾ ಇಂಜೆಕ್ಟರ್ ಸೋರುತ್ತಿರಬಹುದು. ನಿಲ್ಲಿಸಿದ ಗಾಡಿ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುವುದಕ್ಕೆ ಇದೇ ಕಾರಣ.

ಬಿಸಿಲು, ಹಳೆಯ ರಬ್ಬರ್ ಮತ್ತು ಎಥನಾಲ್

ಕಾರ್ಬ್ಯುರೇಟರ್ ಎಂಜಿನ್ನನ್ನೇ ಮತ್ತೆ ಹಾಕಿಸಿದವರ ತೊಂದರೆ ಬೇರೆ. ಜಗಳೂರಿನಂತಹ ಬಯಲುಸೀಮೆಯ ಬೇಸಿಗೆಯಲ್ಲಿ ಪಂಪ್ ಕಾದು ಪೆಟ್ರೋಲ್ ಆವಿಯಾಗಿ, ಸರಬರಾಜು ಕಡಿಯುತ್ತದೆ. ಅಂಬಾಸಿಡರ್ ಚಾಲಕರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಓಡಿಸುತ್ತಿದ್ದುದು ಈ ಕಾರಣಕ್ಕೇ. ಎಂಜಿನ್ ಬದಲಿಸಿದಾಗ ಪೆಟ್ರೋಲ್ ಪೈಪ್ ಸೈಲೆನ್ಸರ್ ಕೊಳವೆಗೆ ಹತ್ತಿರ ಬಂದಿದ್ದರೆ ಅದನ್ನು ದೂರ ಸರಿಸಬೇಕು. ಪಂಪಿನಡಿಯ ಗ್ಯಾಸ್ಕೆಟ್ ದಪ್ಪವಾದರೆ ಸನ್ನೆ ಪೂರ್ತಿ ಆಡದೆ ಪೆಟ್ರೋಲ್ ಕಡಿಮೆ ಬರುತ್ತದೆ. ಡಿಪ್‌ಸ್ಟಿಕ್‌ನ ಆಯಿಲ್ ಪೆಟ್ರೋಲ್ ವಾಸನೆ ಹೊಡೆದರೆ ಪಂಪಿನ ಪೊರೆ ಹರಿದಿರುವ ಸಂಭವವಿದ್ದು, ಗಾಡಿಯನ್ನು ಅಲ್ಲಿಗೇ ನಿಲ್ಲಿಸಬೇಕು.

ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಹಳೆಯ ರಬ್ಬರ್ ಪೈಪ್, ಪೊರೆಗಳು ಇದಕ್ಕೆಂದು ತಯಾರಾದವಲ್ಲ. ಉಬ್ಬಿ, ಬಿರುಕು ಬಿಡಬಹುದು. ಎಥನಾಲ್ ತೇವವನ್ನೂ ಹೀರಿಕೊಳ್ಳುತ್ತದೆ. ಎಂಜಿನ್‌ಗಾಗಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯ ಹಳೆಯ ಪೆಟ್ರೋಲನ್ನು ಪೂರ್ತಿ ತೆಗೆದು, ಟ್ಯಾಂಕ್ ಸ್ವಚ್ಛಗೊಳಿಸಿ, ಎಲ್ಲ ಹೋಸ್ ಪೈಪುಗಳನ್ನು ಹೊಸದಾಗಿ ಹಾಕುವುದು ಒಳಿತು. ಎಂಪಿಎಫ್‌ಐಗೆ ಹೆಚ್ಚು ಒತ್ತಡ ತಡೆಯುವ ಪೈಪನ್ನೇ ಕೇಳಿ ಪಡೆಯಬೇಕು.

ಹಳೆಯ ಮಾದರಿಯ ಡೀಸೆಲ್ ಎಂಜಿನ್ ಹಾಕಿದ್ದರೆ ಮೊದಲ ಶತ್ರು ಗಾಳಿ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಸಣ್ಣ ಬಿರುಕಿದ್ದರೆ ಹೊರಗೆ ಹನಿ ಕಾಣದಿದ್ದರೂ ಒಳಗೆ ಗಾಳಿ ಸೇರುತ್ತದೆ. ಕೈಪಂಪ್ ಒತ್ತಿ, ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆಗಳಿಲ್ಲದ ಡೀಸೆಲ್ ಬರುವವರೆಗೆ ಗಾಳಿ ತೆಗೆಯಬೇಕು.

ನೇರ ವೈರ್ ಬೇಡ

ರಿಲೇ ತಲೆನೋವು ಬೇಡವೆಂದು ಪಂಪಿಗೆ ಇಗ್ನಿಷನ್ ಸ್ವಿಚ್ಚಿನಿಂದ ನೇರ ವೈರ್ ಕೊಡುವ ಅಭ್ಯಾಸ ಅತ್ಯಂತ ಅಪಾಯಕಾರಿ. ಸರಿಯಾದ ವ್ಯವಸ್ಥೆಯಲ್ಲಿ ಎಂಜಿನ್ ನಿಂತ ಕೂಡಲೇ ಇಸಿಯು ಪಂಪನ್ನೂ ನಿಲ್ಲಿಸುತ್ತದೆ. ನೇರ ವೈರ್ ಇದ್ದರೆ ಅಪಘಾತವಾಗಿ ಪೈಪ್ ಹರಿದರೂ, ಕೀಲಿ ಆನ್ ಇರುವವರೆಗೆ ಪಂಪ್ ಪೆಟ್ರೋಲನ್ನು ಹೊರಚೆಲ್ಲುತ್ತಲೇ ಇರುತ್ತದೆ. ಒಳಗೆ ಕುಳಿತವರ ಪ್ರಾಣ ಒಂದು ರಿಲೇಯ ಬೆಲೆಗಿಂತ ಹೆಚ್ಚಿನದು.

ಪರೀಕ್ಷೆಯ ವೇಳೆಯೂ ಎಚ್ಚರ ಅಗತ್ಯ. ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಪೈಪಿನ ಒತ್ತಡ ಇಳಿಯುತ್ತದೆ. ಗಾಡಿ ಸ್ಟಾರ್ಟ್ ಆಗದಿದ್ದರೆ ಜೋಡಣೆಯ ಸುತ್ತ ಬಟ್ಟೆ ಹಿಡಿದು ನಿಧಾನವಾಗಿ ಸಡಿಲಿಸಬೇಕು. ಬ್ಯಾಟರಿ ಸಂಪರ್ಕ ತೆಗೆದು, ಗಾಳಿಯಾಡುವ ಜಾಗದಲ್ಲಿ, ಬೀಡಿ ಸಿಗರೇಟಿನಿಂದ ದೂರವಿದ್ದು ಕೆಲಸ ಮಾಡಬೇಕು.

ಕೊನೆಯದಾಗಿ ಕಾಗದಪತ್ರ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು. ಎಂಜಿನ್ ಬದಲಿಸುವ ಮುನ್ನವೇ ಆರ್‌ಟಿಒ ಅನುಮತಿ ಪಡೆಯುವುದು ಕ್ಷೇಮ. ಅನುಮತಿಯಿಲ್ಲದೆ ಎಂಜಿನ್ ಬದಲಿಸಿದ್ದರೆ 14 ದಿನಗಳೊಳಗೆ ಅದನ್ನು ವರದಿ ಮಾಡಬೇಕೆಂದು ಕಾಯ್ದೆ ಹೇಳುತ್ತದೆ. ಆರ್‌ಸಿಯಲ್ಲಿರುವ ಎಂಜಿನ್ ಸಂಖ್ಯೆಗೂ ಗಾಡಿಯಲ್ಲಿರುವ ಸಂಖ್ಯೆಗೂ ತಾಳೆಯಾಗದಿದ್ದರೆ ವಿಮೆಯ ಪರಿಹಾರಕ್ಕೂ ತೊಡಕಾಗುತ್ತದೆ.

ಆದುದರಿಂದ ಮೆಕ್ಯಾನಿಕ್ ‘ಪಂಪ್ ಹೋಗಿದೆ’ ಎಂದಾಗ ಮಾಲೀಕರು ಒಂದು ಮಾತು ಕೇಳಲಿ: ವೋಲ್ಟ್ ಎಷ್ಟಿತ್ತು, ಒತ್ತಡ ಎಷ್ಟಿತ್ತು? ಈ ಎರಡು ಅಂಕಿಗಳು ದೊರೆತ ಮೇಲೆ ಹೊಸ ಪಂಪಿಗೆ ಹಣ ತೆತ್ತರೆ ಸಾಕು.